ಮೊದಲ ಕೊಡ ಯಾರ ಪಾದಕ್ಕೆ?

ಹೊಂಬಳದ ಶೇಖಸಾಬನದು ಎಂಥ ಅಂಗಾಲು ಅಂತೀರಿ! ಬರಿಗಾಲಲ್ಲಿ ಹೊಲ ಸುತ್ತುತ್ತ ಹೋದರೆ, ಕೆಳಗೆ ನೀರಿದ್ದಲ್ಲಿ ಅದು ಜುಮ್ಮೆನ್ನುತ್ತಿತ್ತು. ಆತ ನಿಂತಲ್ಲಿ ಜನ ಬೋರು ಹೊಡೆಸುತ್ತಿದ್ದರು. ನೀರು ಬಿದ್ದರೆ, ಜಾಗ ತೋರಿಸಿದವನ ಪಾದಕ್ಕೆ ಮೊದಲ ಕೊಡ ಸುರಿಯುವುದು ಪದ್ಧತಿ. ಮುಂಡರಗಿಯಿಂದ ಲಕ್ಷ್ಮೇಶ್ವರದ ತನಕ ಎಷ್ಟು ಹೊಲಗಳ ನೀರು ಅವನ ಪಾದ ತೊಳೆದಿತ್ತೋ, ದೇವರೇ ಬಲ್ಲ.

ಅವನ ಸ್ವಂತ ನಾಲ್ಕೆಕರೆ ಎರೆಹೊಲ ಮಾತ್ರ ಒಣಒಣ. ಅಲ್ಲಿ ಆತ ಚಪ್ಪಲಿ ಬಿಟ್ಟು ಕಾಲಿಡುತ್ತಲೇ ಇರಲಿಲ್ಲ. ಭೂಮಿತಾಯಿಯನ್ನು ಚಪ್ಪಲಿಗಾಲಲ್ಲಿ ತುಳಿಯುವವನನ್ನು ಊರು ಸುಮ್ಮನೆ ಬಿಟ್ಟೀತೇ? "ದೀಪದ ಬುಡಕ್ಕ ಕತ್ತಲಿ ನೋಡ್ರಪಾ" ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ಹೆಂಡತಿ ರಹಿಮತಬಿ ನಗುತ್ತಿರಲಿಲ್ಲ. ಮೂವತ್ತು ವರ್ಷ ಕೆರೆಯಿಂದ ಕೊಡ ಹೊತ್ತು ಮೆಣಸಿನ ಸಸಿಗೆ ನೀರುಣಿಸಿದವಳು ಅವಳು. ಸಿಂಬಿ ಇಟ್ಟಷ್ಟು ಜಾಗದಲ್ಲಿ ಅವಳ ನೆತ್ತಿಯ ಕೂದಲೇ ಸವೆದುಹೋಗಿತ್ತು.

"ಸ್ವಂತ ಹೊಲದಾಗ ನೀರ ನೋಡಬ್ಯಾಡ. ನೋಡಿದ ದಿನಾನ ಈ ಗುಣಾ ಹೋಗತೈತಿ" ಎಂದು ವಿದ್ಯೆ ಕಲಿಸಿದ ಉಸ್ತಾದ ಹೇಳಿದ್ದ. ಶೇಖಸಾಬ ಆ ಮಾತಿಗೆ ಹೆದರಿದ್ದ. ಲಗ್ನವಾದ ವರ್ಷ ಒಮ್ಮೆ ಅದನ್ನು ಮರೆತು ಬರಿಗಾಲಲ್ಲಿ ಹೋದಾಗ, ಬನ್ನಿಗಿಡದ ಹತ್ತಿರ ಮೊಣಕಾಲ ತನಕ ಜುಮ್ಮೆಂದಿತ್ತು. ನಿಲ್ಲದೆ ದಾಟಿಬಿಟ್ಟ. ಮರುದಿನದಿಂದ ಆ ಹೊಲಕ್ಕೆ ಚಪ್ಪಲಿ ಮೆಟ್ಟಿಯೇ ಹೋದ. ಯಾರಿಗೂ ಹೇಳಲಿಲ್ಲ. ಆಮೇಲೆ ಆ ಗಿಡದ ನೆರಳಲ್ಲಿ ಮಧ್ಯಾಹ್ನ ಅಡ್ಡಾದಾಗೆಲ್ಲ ಒಂದೇ ಕನಸು: ಕಿವಿಯ ಕೆಳಗೆ ನೀರು ಮೆಲ್ಲಗೆ ಹರಿಯುತ್ತಿದೆ, ಅದರ ಮೇಲೆ ರಹಿಮತಬಿಯ ಕೊಡ ತೇಲಿ ಹೋಗುತ್ತಿದೆ. ಎದ್ದರೆ ಬಾಯಿ ಒಣಗಿರುತ್ತಿತ್ತು.

ಗದಗ ಜಿಲ್ಲೆಯಾಗಿ ಹತ್ತು ವರ್ಷ ಕಳೆದಿತ್ತು. ಮಗಳು ತಬಸ್ಸುಮ ಅಲ್ಲೊಂದು ಕಚೇರಿಯಲ್ಲಿ, ಉಪಗ್ರಹ ತೆಗೆದ ಚಿತ್ರ ನೋಡಿ ಕಂಪ್ಯೂಟರಿನಲ್ಲಿ ಅಂತರ್ಜಲದ ನಕಾಶೆ ಬರೆಯುತ್ತಿದ್ದಳು. ಒಂದು ಭಾನುವಾರ ಅದನ್ನು ತಂದು ಅಪ್ಪನ ಮುಂದೆ ಹಾಸಿದಳು. ಆಕಾಶದಿಂದ ಕಂಡ ಹೊಂಬಳ, ಕೌದಿಯ ತುಂಡುಗಳಂತೆ ಹೊಲಗಳು, ನಡುವೆ ಒಂದು ಸಣ್ಣ ನೀಲಿ ಗೆರೆ.

"ಅಪ್ಪಾ, ಇದು ಭೂಮಿ ಒಳಗ ಕಲ್ಲು ಸೀಳಿದ್ದು. ಇದರಾಗ ನೀರು ನಿಂದರತೈತಿ. ನಮ್ಮ ಹೊಲದಾಗ ಹಾದು ಹೋಗೇತಿ ನೋಡು."

ನಕಾಶೆಯ ಜಾಗ ತೋರಿಸುವ ಸಣ್ಣ ಯಂತ್ರವೊಂದನ್ನು ಕೈಯಲ್ಲಿ ಹಿಡಿದು ಅವಳು ಹೊಲದಲ್ಲಿ ನಡೆದಳು. ಬನ್ನಿಗಿಡದ ಹತ್ತಿರ ನಿಂತಳು. ಶೇಖಸಾಬನ ಎದೆ ಧಸಕ್ಕೆಂದಿತು. ಮರುಗಳಿಗೆ ಹಗುರಾಯಿತು. ನೋಡಿದ್ದು ತಾನಲ್ಲವಲ್ಲ! ಉಸ್ತಾದನ ಮಾತೂ ಉಳಿಯಿತು.

ಬೋರು ಹೊಡೆಸಿದರು. ಇನ್ನೂರು ಅಡಿಗೆ ನೀರು ಚಿಮ್ಮಿತು. ರಹಿಮತಬಿ ಮೊದಲ ಕೊಡ ತುಂಬಿಕೊಂಡು ಮಗಳ ಹತ್ತಿರ ಬಂದಳು.

"ಕಾಲ ಮುಂದ ಮಾಡವ್ವಾ."

"ನೋಡಿದ್ದು ನಾನಲ್ಲಮ್ಮಾ, ಮ್ಯಾಲಿನ ಉಪಗ್ರಹ" ಎಂದು ತಬಸ್ಸುಮ ನಕ್ಕಳು. "ಅದಕ್ಕ ಕಾಲ ಎಲ್ಲದಾವ?"

ಯಾರ ಪಾದಕ್ಕೆ ಸುರಿಯುವುದೆಂದು ತಿಳಿಯದೆ ರಹಿಮತಬಿ ಕೊಡ ಹಿಡಿದೇ ನಿಂತಳು. ಶೇಖಸಾಬ ಚಪ್ಪಲಿ ಕಳಚಿದ. ಕೊಡ ಇಸಿದುಕೊಂಡು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ನನಗ ಗೊತ್ತಿತ್ತು, ರಹಿಮತ. ಲಗ್ನಾದ ವರ್ಷದಿಂದ ಗೊತ್ತಿತ್ತು."

ಬಿರುಕುಬಿಟ್ಟ ಆ ಹಿಮ್ಮಡಿಗಳ ಮೇಲೆ ನೀರು ಸುರಿದ. ರಹಿಮತಬಿ ಕಾಲು ಹಿಂದಕ್ಕೆ ತೆಗೆಯಲಿಲ್ಲ.

"ಒಂದ ಕೊಡಕ್ಕ ತೀರೂದಲ್ಲ ಇದು" ಎಂದಳು. "ಇನ್ನೊಂದು ಹೊತಗೊಂಡ ಬರ್ರಿ."