ಫ್ಲಾಸ್ಕಿನಲ್ಲಿದ್ದದ್ದು ಬರೀ ಗಂಜಿತಿಳಿ

ಅಕ್ಕಾ, ಭಾವ ಐಸಿಯುನಲ್ಲಿದ್ದಾಗ ನಾನು ನಿನಗೆ ಸುಳ್ಳು ಹೇಳಿದೆ. ಅವರ ಮೂಗಿನ ನಳಿಕೆಯಲ್ಲಿ ಹೋಗುತ್ತಿದ್ದದ್ದು ಆಸ್ಪತ್ರೆಯವರು ಹೇಳಿದ ಆಹಾರವಲ್ಲ — ನಾನು ಫ್ಲಾಸ್ಕಿನಲ್ಲಿ ತಂದ ಗಂಜಿತಿಳಿ.

ಶ್ವಾಸಕೋಶದ ಸೋಂಕು, ಬಾಯಿಗೆ ತುತ್ತಿಲ್ಲ. ಆಹಾರತಜ್ಞೆ ನನ್ನನ್ನು ಕರೆದು ಬಿಡಿಸಿ ಹೇಳಿದ್ದರು: ದೇಹ ಸೋಂಕಿನೊಡನೆ ಹೋರಾಡಬೇಕಾದರೆ ಪ್ರೋಟೀನ್ ಬೇಕು, ಮೊಟ್ಟೆಯ ಬಿಳಿ ಬೆರೆಸಿ ಕೊಡುತ್ತೇವೆ. ನೀನು ಒಪ್ಪಿದ್ದೆ. "ಎಂತ ಬೇಕಾದ್ರೂ ಕೊಡ್ಲಿ ಮಾರಾಯ, ಜನ ಉಳಿದ್ರೆ ಸಾಕು" ಎಂದಿದ್ದೆ. ಆದರೆ ನಾನು ಪುರೋಹಿತನಲ್ಲವೇ! ನಮ್ಮಲ್ಲಿ ಅದು ಆಗುವುದಿಲ್ಲ ಎಂದುಬಿಟ್ಟೆ. ಹಾಗಾದರೆ ಈ ಪ್ರೋಟೀನ್ ಪುಡಿಯನ್ನು ಹಾಲಿನಲ್ಲಿ ಕಲಸಿ ತನ್ನಿ ಎಂದರು. ಆಗಲಿ ಎಂದು ತಲೆಯಾಡಿಸಿದೆ. ಹಾಲೆಂದರೆ ಕಫ, ಕಾಯಿಲೆಯವರಿಗೆ ಗಂಜಿತಿಳಿಯೇ ಪಥ್ಯ — ಅಜ್ಜಿಯ ಕಾಲದ ಆ ಒಂದು ಮಾತು ನನಗೆ ಅವರ ಓದಿಗಿಂತ ದೊಡ್ಡದಾಯಿತು. ಪುಡಿಯ ಡಬ್ಬಿಯ ಮುಚ್ಚಳ ಕೂಡ ತೆರೆಯಲಿಲ್ಲ; ಪುಡಿ ಕಲಸಿದ ಹಾಲೆಂದು ಹೇಳಿ ಗಂಜಿತಿಳಿಯ ಫ್ಲಾಸ್ಕನ್ನೇ ನರ್ಸ್ ಕೈಗೆ ಕೊಟ್ಟೆ.

ನನ್ನ ಮೇಲೆ ನನಗೆ ಇನ್ನೂ ಸಿಟ್ಟು ಬರುವುದು ಇದಕ್ಕೆ — ಅದೇ ಸಂಜೆ ಬಸ್‌ಸ್ಟ್ಯಾಂಡಿನ ಹೋಟೆಲಿನ ಮೂಲೆಯಲ್ಲಿ ಕೂತು ನಾನು ಆಮ್ಲೆಟ್ ತಿಂದಿದ್ದೆ. ಮೊದಲ ಸಲವೇನೂ ಅಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರೆ. ನನ್ನದು ಬದನೆಕಾಯಿಯೂ ಅಲ್ಲ.

ಐಸಿಯು ಬಾಗಿಲಲ್ಲಿ ನೀನು ಕೇಳಿದೆ, "ಅವರು ಹೇಳಿದ್ದನ್ನೇ ಕೊಡ್ತಾ ಇದ್ದೀಯಲ್ಲ?"

"ಹ್ಞೂಂ ಅಕ್ಕ, ಹೇಳಿದ ಹಾಗೇ."

ಭಾವ ಸೊರಗುತ್ತ ಹೋದರು, ಸೋಂಕು ಇಳಿಯಲಿಲ್ಲ. ಪುಡಿ ಸರಿಯಾಗಿ ಹಾಕುತ್ತಿದ್ದೀರಾ ಎಂದು ಡಾಕ್ಟರು ಕೇಳಿದಾಗಲೂ ಹೂಂಗುಟ್ಟಿದೆ. ಹಾಕಿದ್ದರೆ ಉಳಿಯುತ್ತಿದ್ದರೋ — ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನೂ ನಾನೇ ಮುಚ್ಚಿದೆ. ನೀನು ಇವತ್ತಿಗೂ, "ಜ್ವರ ಬಂದ ಕೂಡ್ಲೇ ಕರ್ಕೊಂಡು ಹೋಗ್ಬೇಕಿತ್ತು, ತಪ್ಪು ನಂದೇ" ಎಂದು ಅಳುತ್ತೀಯಲ್ಲ, ಆಗ ಎದುರಿಗೆ ಕೂತು ಸಮಾಧಾನ ಹೇಳುವವನು ನಾನು! ಎಂಥ ಸಮಾಧಾನ ಅದು... ನಿನ್ನ ತಲೆಯ ಮೇಲೆ ನನ್ನ ತಪ್ಪನ್ನು ಹೊರಿಸಿ, ಭಾರವಾಯಿತೇ ಎಂದು ಕೇಳಿದ ಹಾಗೆ.

ಪ್ರತಿವರ್ಷ ಪೆರ್ಲದ ನಿಮ್ಮ ಮನೆಗೆ ಬಂದು ಭಾವನ ತಿಥಿ ಮಾಡಿಸುವವನೂ ನಾನೇ. ನಿನ್ನ ಮಗನ ಕೈಯಲ್ಲಿ ಪಿಂಡ ಇಡಿಸಿ, ಅಪ್ಪನಿಗೆ ತೃಪ್ತಿಯಾಯಿತು ಎನ್ನುತ್ತೇನೆ. ನಾಲಿಗೆ ಹೇಗೆ ಹೊರಳುತ್ತದೋ!

ಇದನ್ನು ಕಳಿಸಿ ಮನೆಯಲ್ಲಿ ಅಡಗಿ ಕೂರುವುದಿಲ್ಲ. ತಿಥಿಗೆ ಮೊದಲೇ ಬಂದು ನಿನ್ನ ಮುಖ ನೋಡಿ ಹೇಳುತ್ತೇನೆ. ಈ ಸಲ ಬೇರೆ ಭಟ್ಟರಿಗೆ ಹೇಳು. ಬದುಕಿದ್ದಾಗ ಹಸಿವಿನಲ್ಲಿಟ್ಟವನ ಕೈಯಿಂದ ಭಾವನಿಗೆ ಅನ್ನ ಬೇಡ.