ಗುಂಜಪ್ಪನಿಗೆ ಕೆಲಸ ಸಿಕ್ಕಿತೆಂದು ಸರಸ್ವತಮ್ಮ ಅತ್ತದ್ದು

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಸರಸ್ವತಮ್ಮನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ಆಕೆಯ ಗಂಡ ಹೊನ್ನಯ್ಯ, ಏಕೆಂದರೆ ಅವನು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇನ್ನೊಬ್ಬ ಆಕೆಯ ತಮ್ಮ ಚೌಡೇಶ, ಏಕೆಂದರೆ ಅಕ್ಕನ ಬೈಗುಳದ ಹಿಂದೆಯೇ ಊಟವೂ ಬರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೆತ್ತವರು ಏನು ನೆನೆದು ಆ ಹೆಸರಿಟ್ಟರೋ, ಆಕೆಯ ನಾಲಗೆಯ ಮೇಲೆ ಸರಸ್ವತಿ ಇದ್ದದ್ದಂತೂ ನಿಜ. ಆದರೆ ಅಲ್ಲಿ ಕೂತು ವೀಣೆ ನುಡಿಸುತ್ತಿರಲಿಲ್ಲ. ಮಾಮೂಲಿ ಜಗಳವನ್ನು ಸರಸ್ವತಮ್ಮ ಕನ್ನಡದಲ್ಲಿ ಮುಗಿಸುತ್ತಿದ್ದಳು. ಕೋಪ ನೆತ್ತಿಗೇರಿದರೆ ತಮಿಳಿಗೆ ಹೊರಳುತ್ತಿದ್ದಳು. ತಾಲ್ಲೂಕು ಮದ್ರಾಸಿನ ಕೈಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷದ ಮೇಲಾಗಿದ್ದರೂ ಆಕೆಯ ಆ ಬೈಗುಳಗಳು ಮಾತ್ರ ಇನ್ನೂ ಮದ್ರಾಸಿನಲ್ಲೇ ಇದ್ದವು.

ಹೊನ್ನಯ್ಯ ಒಳ್ಳೆಯ ನೇಕಾರ. ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತನೆಂದರೆ ಊಟಕ್ಕೆ ಕರೆದರೂ ಹೂಂ, ಮನೆಗೆ ಬೆಂಕಿ ಬಿದ್ದಿದೆ ಎಂದರೂ ಹೂಂ. ಕುಡಿಯಲಿಲ್ಲ, ಹೊಡೆಯಲಿಲ್ಲ, ಮಾತನ್ನೂ ಆಡಲಿಲ್ಲ. ಒಂದು ಬೆಳಿಗ್ಗೆ ಮಗ್ಗದ ಮುಂದೆಯೇ ಒರಗಿ ಸತ್ತುಹೋದ. ಆಗಲೂ ಏನನ್ನೂ ಹೇಳಲಿಲ್ಲ. ಅತ್ತು ಹೊರಳುವ ಹೆಂಡತಿಯನ್ನು ಹಿಡಿದುಕೊಳ್ಳಲೆಂದು ಎಡಕ್ಕೂ ಬಲಕ್ಕೂ ಹೆಂಗಸರು ಬಂದು ಕೂತರು. ಸರಸ್ವತಮ್ಮ ಅಳಲಿಲ್ಲ. ಹೆಣದ ಪಕ್ಕ ಕೂತವಳು ಸುತ್ತ ನೋಡಿ, "ಆ ಕಾಫಿ ಚೊಂಬ ಯಾರ್ ತಕಂಡೋದ್ರಿ?" ಎಂದು ಕೇಳಿದಳು. ಪಕ್ಕದ ಮನೆಯ ಭಾಗ್ಯಮ್ಮ ಇದನ್ನು ಆಮೇಲೆ ಯಾರ ಮನೆಯಲ್ಲಿ ಸಾವಾದರೂ ನೆನೆದುಕೊಳ್ಳುತ್ತಿದ್ದಳು.

ಮಗಳನ್ನು ಯಳಂದೂರಿಗೆ ಕೊಟ್ಟಾಗಿತ್ತು. ಒಂಟಿಯಾದ ಸರಸ್ವತಮ್ಮ ಮಗ್ಗದ ಯಜಮಾನ ದೇವಣ್ಣನವರ ಮನೆಗೆ ಹೋಗಿ, ರಾಟೆಯ ಮುಂದೆ ಕೂತು, ಲಾಳಿಯೊಳಗೆ ಹಾಕುವ ಕಂಡಿಕೆಗಳಿಗೆ ರೇಷ್ಮೆ ನೂಲು ಸುತ್ತುವ ಕೆಲಸಕ್ಕೆ ನಿಂತಳು. ಆ ದಿನಗಳಲ್ಲೇ ದೇವಣ್ಣನವರು ಬೀದಿಗೆ ಮೊದಲ ರೇಡಿಯೋ ತಂದದ್ದು. ಅದಕ್ಕೆ ಹೆಂಡತಿಯ ಕೈಯಲ್ಲಿ ಕಸೂತಿಯ ಬಟ್ಟೆ ಹೊಲಿಸಿ, ದೇವರ ಗೂಡಿಗಿಂತ ಒಂದು ಗೇಣು ಮೇಲೆ ಹಲಗೆ ಹೊಡೆಸಿ ಕೂರಿಸಿದ್ದರು.

ಆ ರೇಡಿಯೋದಲ್ಲಿ ಗುರುವಾರ ಸಂಜೆ 'ನಮ್ಮನೆ ಪಡಸಾಲೆ' ಎಂಬ ನಗೆನಾಟಕ ಬರುತ್ತಿತ್ತು. ಒಂದು ಸಂಸಾರ, ವಾರವಾರವೂ ಒಂದು ರಗಳೆ. ಗಂಡ, ಹೆಂಡತಿ, ಮಕ್ಕಳು ಯಾರಿಗೆ ಬೇಕಿತ್ತು? ಜನ ಕಾಯುತ್ತಿದ್ದದ್ದು ಹೆಂಡತಿಯ ತಮ್ಮ ಗುಂಜಪ್ಪನಿಗೆ. ಎರಡು ದಿನಕ್ಕೆಂದು ಭಾವನ ಮನೆಗೆ ಬಂದು ಅಲ್ಲೇ ಬೇರು ಬಿಟ್ಟ ಆಸಾಮಿ. ಕೆಲಸ ಹುಡುಕಲು ಹೊರಟವನು ಬಾಗಿಲಲ್ಲೇ ಸೀನುತ್ತಿದ್ದ. ಅಪಶಕುನವೆಂದು ಒಳಗೆ ಬಂದು ಇನ್ನೊಂದು ಸಲ ತಿಂಡಿ ತಿನ್ನುತ್ತಿದ್ದ. ಭಾವ ಸಿಟ್ಟಾದರೆ, "ನಾನು ಹೋಗಿಬಿಟ್ಟರೆ ನೀವು ಬೈಯೋದಕ್ಕೆ ಯಾರಿದ್ದಾರೆ ಭಾವ? ಆರೋಗ್ಯ ಕೆಡುತ್ತೆ" ಎನ್ನುತ್ತಿದ್ದ. ಸ್ವಲ್ಪ ಮೂಗಿನಲ್ಲಿ ಮಾತಾಡುವ, ಯಾವುದಕ್ಕೂ ಅವಸರವಿಲ್ಲದ ದನಿ.

ಸರಸ್ವತಮ್ಮ ಮೊದಲ ಸಲ ಗುಂಜಪ್ಪನನ್ನು ಕೇಳಿದಾಗ ಕೈಯಲ್ಲಿದ್ದ ನೂಲು ಕಡಿದುಹೋಗುವ ಹಾಗೆ ನಕ್ಕಳು. ನಕ್ಕು ಅಭ್ಯಾಸವಿಲ್ಲದ್ದರಿಂದ ಆ ಶಬ್ದ ಬಿಕ್ಕಳಿಕೆಯ ಹಾಗೆ ಕೇಳಿಸಿ ದೇವಣ್ಣನವರು ನೀರು ತರಿಸಿದರು. ಅಂದಿನಿಂದ ಗುರುವಾರ ಬಂತೆಂದರೆ ಸರಸ್ವತಮ್ಮ ಮಧ್ಯಾಹ್ನವೇ ತಲೆ ಬಾಚಿ, ಒಗೆದ ಸೀರೆ ಉಟ್ಟು ಬರುತ್ತಿದ್ದಳು. ಭಾಗ್ಯಮ್ಮ, "ಯಾರಾದ್ರೂ ನೋಡಾಕ್ ಬತ್ತವ್ರಾ?" ಎಂದು ಕೆಣಕಿದರೆ, "ಊಂ, ನಿನ್ ಗಂಡ" ಎಂದು ಒಂದೇ ಮಾತಿನಲ್ಲಿ ಕೂರಿಸುತ್ತಿದ್ದಳು.

ಅರವತ್ತೆಂಟನೇ ಇಸವಿಯ ಒಂದು ಗುರುವಾರ, ದೇವಣ್ಣನವರ ಜಗಲಿಯ ತುಂಬ ಜನ. ರೇಡಿಯೋದೊಳಗೆ ಗುಂಜಪ್ಪ ಒಂದು ಕಾಗದ ಹಿಡಿದು ಬಂದ. ತನಗೆ ಬಳ್ಳಾರಿಯಲ್ಲಿ ಕೆಲಸ ಸಿಕ್ಕಿದೆ ಎಂದ. ಎಲ್ಲರೂ ನಕ್ಕರು, ಇನ್ನೇನು ಸೀನುತ್ತಾನೆ ಎಂದು ಕಾದರು. ಅವನು ಸೀನಲಿಲ್ಲ. ಅಕ್ಕನ ಕಾಲಿಗೆ ನಮಸ್ಕಾರ ಮಾಡಿದ. ಅಕ್ಕ ಮೂಗು ಒರೆಸಿಕೊಂಡಳು. ರೈಲು ಕೂಗಿತು. ಆಮೇಲೆ ಸಂಗೀತ, ಆಮೇಲೆ ರೈತರಿಗೆ ಸಲಹೆ.

ಸರಸ್ವತಮ್ಮ ಎದ್ದು ಹೋಗಿ ರೇಡಿಯೋದ ತಲೆಯ ಮೇಲೆ ರಪ್ಪನೆ ಒಂದು ಬಿಟ್ಟಳು.

"ಅಯ್ಯಯ್ಯೋ, ಸರ್ಕಾರದ ಲೈಸನ್ಸ್ ಇರೋ ರೇಡಿಯೋ ಕಣಮ್ಮಾ!" ದೇವಣ್ಣನವರು ಓಡಿ ಬಂದು ಪೆಟ್ಟಿಗೆಯನ್ನು ಅಪ್ಪಿಕೊಂಡರು.

"ಎಲ್ ಓದ ಅಂವ? ಕರೀರಿ ವಾಪಸ್ಸು!"

"ನಾನೆಂಗ್ ಕರೀಲಿ? ನಾನೇನು ಅವನ ಕಳಿಸ್ದೋನಾ?"

"ನಿಮ್ ಮನೆಯಿಂದ ತಾನೆ ಓದದ್ದು!"

ಈ ತರ್ಕ ಜನರಿಗೂ ಸರಿಯೆನಿಸಿತು. ಒಬ್ಬರಾದ ಮೇಲೊಬ್ಬರು ದೇವಣ್ಣನವರನ್ನು ದುರುಗುಟ್ಟಿಕೊಂಡು ನೋಡುತ್ತ ಎದ್ದು ಹೋದರು. ಒಬ್ಬ ಮುದುಕ ಅವರ ಹತ್ತಿರ ಬಂದು, "ಅಂವ ಕೂಳ್ ತಿಂದ್ರೆ ನಿಮ್ದೇನ್ ಗಂಟೋಯ್ತಿತ್ತು ಸಾ?" ಎಂದು ಮೆತ್ತಗೆ ಕೇಳಿದ. ಸರಸ್ವತಮ್ಮ ಮಾತ್ರ ಅಲ್ಲೇ ಕಂಬಕ್ಕೆ ಒರಗಿ ಕೂತು ಅಳತೊಡಗಿದಳು. ಸೆರಗು ಬಾಯಿಗೆ ತುರುಕಿಕೊಳ್ಳದೆ, ಮುಖ ಮುಚ್ಚಿಕೊಳ್ಳದೆ, ಬೀದಿಗೆಲ್ಲ ಕೇಳುವಂತೆ ಅತ್ತಳು. ಯಾರು ಹಿಡಿದುಕೊಳ್ಳಬೇಕು, ಯಾಕೆ ಹಿಡಿದುಕೊಳ್ಳಬೇಕು ಎಂದು ಹೆಂಗಸರಿಗೆ ತೋಚಲಿಲ್ಲ.

ಮಾರನೆಯ ದಿನ ಆಕೆ ಕೆಲಸಕ್ಕೆ ಬರಲಿಲ್ಲ. ಕಂಡಿಕೆಯಿಲ್ಲದೆ ಮಗ್ಗಗಳು ನಿಂತವು. ದೇವಣ್ಣನವರು ತಾವೇ ಮನೆಯ ಬಾಗಿಲಿಗೆ ಬಂದರು.

"ಯಾಕಮ್ಮಾ, ಮೈಗೆ ಉಸಾರಿಲ್ವಾ?"

"ಸೂತಕ."

"ಯಾರೋದ್ರು?"

"ನಿಮ್ಗ್ ಗೊತ್ತಿಲ್ವಾ?"

"ಅವನಿಗೆ ಕೆಲಸ ಸಿಕ್ತು ಕಣಮ್ಮಾ! ಕೆಲಸ ಸಿಕ್ಕೋನಿಗೆ ಯಾರಾದ್ರೂ ಸೂತಕ ಇಡಿತಾರಾ?"

"ಅವನಂಥೋನ್ಗೆ ಕೆಲಸ ಸಿಕ್ಕೋದೂ ಒಂದೇ ದೇವಣ್ಣೋರೆ, ಸಾಯೋದೂ ಒಂದೇ."

ದೇವಣ್ಣನವರು ಹಿಂದಿರುಗಿ ಹೋಗಿ ತಾವೇ ರಾಟೆಯ ಮುಂದೆ ಕೂತು ನೂಲನ್ನು ಸಿಕ್ಕು ಸಿಕ್ಕು ಮಾಡಿಟ್ಟರು.

ಬೀದಿಯಲ್ಲಿ ಗುಸುಗುಸು ಶುರುವಾಯಿತು. ನಲ್ಲಿಯ ಹತ್ತಿರ, ಸರಸ್ವತಮ್ಮನ ಕೊಡ ತುಂಬಿದ ಮೇಲೆ ಭಾಗ್ಯಮ್ಮ ತನ್ನ ಬಿಂದಿಗೆ ಇಟ್ಟು, ಯಾರಿಗೋ ಹೇಳುವವಳ ಹಾಗೆ, "ತಾಳಿ ಕಟ್ದೋನು ಓದಾಗ ಒಂದ್ ತೊಟ್ಟು ಬರ್ನಿಲ್ಲ. ಪೆಟ್ಟಿಗೆಯೊಳ್ಗಿನ ಗಂಡ್ಸಿಗೆ ಕೊಡಗಟ್ಲೆ ಬತ್ತದೆ" ಎಂದಳು.

ಎಲ್ಲರೂ ಕಾದರು. ತಮಿಳು ಬರಬೇಕಿತ್ತು. ಬರಲಿಲ್ಲ. ಸರಸ್ವತಮ್ಮ ತುಂಬಿದ ಕೊಡವನ್ನು ಸೊಂಟಕ್ಕೆ ಏರಿಸದೆ ಕೆಳಗೇ ಬಿಟ್ಟು ಭಾಗ್ಯಮ್ಮನ ಮುಖ ನೋಡಿದಳು.

"ಭಾಗ್ಯ, ನಮ್ಮೆಜಮಾನ್ರು ಒಳ್ಳೇರು. ಅವರ್ಗೆ ಯಾರೂ ಒಂದ್ ಮಾತು ಅನ್ನಂಗಿಲ್ಲ. ಆದ್ರೆ ಅಷ್ಟ್ ವರ್ಷ ಸಂಸಾರ ಮಾಡಿದ್ರಲ್ಲ, ಒಂದ್ ದಿನ ನನ್ನ ನಗಿಸ್ನಿಲ್ಲ. ಒಂದೇ ಒಂದ್ ದಿನ. ಓದಾಗ ಏನ ನೆನಸ್ಕಂಡು ಅಳ್ಲಿ? ಮಗ್ಗದ ಸದ್ದು ನೆನಸ್ಕಂಡಾ? ಆ ಸದ್ದು ನಿಂತಿತ್ತಾ? ಪಕ್ಕದ ಮನೇಲಿ ಹೊಡೀತಾನೇ ಇತ್ತಲ್ಲ."

ಭಾಗ್ಯಮ್ಮನ ಬಿಂದಿಗೆ ತುಂಬಿ ಹರಿಯುತ್ತಿತ್ತು. ಅವಳ ಗಂಡನೂ ನೇಕಾರನೇ, ಮಾತಿನಲ್ಲಿ ಹೊನ್ನಯ್ಯನ ಖಾಸಾ ತಮ್ಮನ ಹಾಗಿದ್ದವನು. ಅವಳು ನಲ್ಲಿ ನಿಲ್ಲಿಸುವುದನ್ನೂ ಮರೆತು ಹೊರಟುಹೋದಳು.

ಯಳಂದೂರಿನಿಂದ ಅಳಿಯ ಬಂದವನು, ಗುಂಜಪ್ಪನ ದನಿಯಾಗಿದ್ದ ಮನುಷ್ಯನಿಗೆ ನಿಜವಾಗಿಯೂ ಎಲ್ಲೋ ದೂರದಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತಂತೆ ಎಂದು ಸುದ್ದಿ ತಂದ. ಸರಸ್ವತಮ್ಮನಿಗೆ ಅದು ಇನ್ನೂ ದೊಡ್ಡ ದ್ರೋಹವಾಗಿ ಕಂಡಿತು. ನಾಟಕದಲ್ಲಿ ಸೋಮಾರಿ, ದಿಟದಲ್ಲಿ ಬ್ಯಾಂಕು! "ಇಂಥ ಮೋಸಗಾರ ಅಂತ ಗೊತ್ತಿದ್ರೆ ಅಷ್ಟು ಅಳ್ತಾನೇ ಇರ್ನಿಲ್ಲ" ಎಂದು ಅಳಿಯನಿಗೇ ಬೈದು, ಕಣ್ಣು ಒರೆಸಿಕೊಂಡು, ಕೆಲಸಕ್ಕೆ ಹೋದಳು.

ಬಸ್ಸಿನಲ್ಲಿ ಹೋಗುವವರ ಬಾಯಿಂದ ಈ ಕತೆ ಹನೂರಿಗೂ ತಲುಪಿತು. ಅಲ್ಲಿ ಯಾರದೋ ಅಂಗಡಿಯ ಜಗಲಿಯಲ್ಲಿ ಮಲಗಿ ದಿನ ತಳ್ಳುತ್ತಿದ್ದ ಚೌಡೇಶ ಎದ್ದು ಕೂತ.

ಈ ಚೌಡೇಶನ ಹಿಂದಿನ ಕತೆ ಇಷ್ಟೇ. ಭಾವ ತೀರಿಕೊಂಡ ಮೇಲೆ ಅಕ್ಕನಿಗೆ ದಿಕ್ಕಾಗುತ್ತೇನೆಂದು ಬಂದವನು, ದಿಕ್ಕಾಗುವುದೆಂದರೆ ನಾಲ್ಕೂ ದಿಕ್ಕಿಗೆ ಕೈಕಾಲು ಚಾಚಿ ಮಲಗುವುದೆಂದುಕೊಂಡಿದ್ದ. ದೀಪಾವಳಿಗೆ ಬಂದು ಇನ್ನೊಂದು ದೀಪಾವಳಿ ಉಂಡ. ಕೊನೆಗೆ ಭಾವನ ಸೈಕಲ್ಲನ್ನು ಎಲ್ಲೋ ನಿಲ್ಲಿಸಿ, ಎಲ್ಲಿ ಎಂಬುದನ್ನು ಮರೆತು ನಡೆದು ಬಂದ ದಿನ ಸರಸ್ವತಮ್ಮ ಅವನ ಚೀಲವನ್ನು ಬೀದಿಗೆ ಎಸೆದಿದ್ದಳು. ಆಮೇಲೆ ಅವನ ಹೆಸರೆತ್ತಿದವರಿಗೂ ಮನೆಯಲ್ಲಿ ನೀರು ಸಿಕ್ಕುತ್ತಿರಲಿಲ್ಲ.

ಅದೇ ಚೀಲ ಹಿಡಿದು ಅವನು ಹೊಸ್ತಿಲ ಆಚೆ ನಿಂತ.

"ಅಕ್ಕಾ, ಗುಂಜಪ್ಪ ಓದ್ನಂತೆ. ಜಾಗ ಖಾಲಿ ಇದ್ದದಾ?"

ಸರಸ್ವತಮ್ಮ ಪೊರಕೆ ಹುಡುಕಿದಳು. ಪೊರಕೆ ಸಿಕ್ಕಿತು, ಎತ್ತಿದಳು ಕೂಡ. ಆದರೆ ಅಷ್ಟರಲ್ಲಿ ಹೊಟ್ಟೆಯೊಳಗಿನಿಂದ ಆ ಬಿಕ್ಕಳಿಕೆಯಂಥ ನಗು ಮೇಲೆ ಬಂದುಬಿಟ್ಟಿತು. ನಗುತ್ತ ಪೊರಕೆ ಬೀಸಿದರೆ ಏಟು ಬೀಳುವುದಿಲ್ಲ. ಚೌಡೇಶ ಅವಳ ಕೈಯ ಕೆಳಗೆ ನುಸುಳಿ ಒಳಗೆ ಹೋಗಿ ಮಡಕೆಯ ಮುಚ್ಚಳ ತೆಗೆದು ನೋಡಿದ.

ಚೌಡೇಶ ತನ್ನ ಹೊಸ ಹುದ್ದೆಯನ್ನು ಬಹಳ ಶ್ರದ್ಧೆಯಿಂದ ಶುರುಮಾಡಿದ. ಜೀವನದಲ್ಲಿ ಮೊದಲ ಸಲ ಕಷ್ಟಪಟ್ಟ. ಬಾಗಿಲಲ್ಲಿ ನಿಂತು ಬೇಕೆಂದೇ ಸೀನಿದ. ಮೂಗಿನಲ್ಲಿ ಮಾತಾಡಿದ. ಊಟದ ತಟ್ಟೆಯ ಮುಂದೆ ಗುಂಜಪ್ಪನ ಮಾತುಗಳನ್ನು ತಪ್ಪುತಪ್ಪಾಗಿ ಒಪ್ಪಿಸಿದ. ಸರಸ್ವತಮ್ಮ ಕೆಲವು ದಿನ ತಡೆದುಕೊಂಡಳು.

"ಲೇ, ಸಾಕು ನಿಲ್ಸ್ಲಾ. ನೆಗಡಿ ಬಂದ ಎಮ್ಮೆ ತರ ಆಡ್ಬೇಡ."

"ನಗು ಬರ್ನಿಲ್ವಾ ಅಕ್ಕಾ?"

"ಅಳು ಬತ್ತದೆ. ಸುಮ್ನೆ ಉಣ್ಣು."

ಅವನು ಮುಖ ಇಳಿಬಿಟ್ಟು, ಎರಡನೆಯ ಮುದ್ದೆಯನ್ನು ಸುಮ್ಮನೆ ಉಂಡ.

ಮುಂದಿನ ಗುರುವಾರ ಅವನನ್ನು ಮನೆಯಲ್ಲಿ ಅನ್ನದ ಜೊತೆ ಒಂಟಿಯಾಗಿ ಬಿಡಲು ಧೈರ್ಯವಾಗದೆ ದೇವಣ್ಣನವರ ಜಗಲಿಗೆ ಎಳೆದುಕೊಂಡು ಹೋದಳು. 'ಪಡಸಾಲೆ'ಯಲ್ಲಿ ಗುಂಜಪ್ಪನ ಜಾಗಕ್ಕೆ ಈಗ ಒಬ್ಬ ದೊಡ್ಡಪ್ಪ ಬಂದಿದ್ದ. ಬೆಳಿಗ್ಗೆ ಬೇಗ ಏಳಬೇಕು, ನೀರು ಕಾಯಿಸಿ ಕುಡಿಯಬೇಕು ಎಂದು ಆ ಮಹಾನುಭಾವ ಹೇಳುತ್ತಿದ್ದ. ಮಕ್ಕಳು ಹೌದು ದೊಡ್ಡಪ್ಪ, ಆಗಲಿ ದೊಡ್ಡಪ್ಪ ಎನ್ನುತ್ತಿದ್ದವು. ಕೇಳುವವರು ಅಭ್ಯಾಸಬಲದಿಂದ ಕೂತಿದ್ದರು, ಅಷ್ಟೇ. ಚೌಡೇಶ ಕಂಬಕ್ಕೆ ಒರಗಿ ಕೇಳಿ ಕೇಳಿ, ನಿಜವಾಗಿಯೂ ಕಳವಳಗೊಂಡು ದೇವಣ್ಣನವರನ್ನು ಕೇಳಿದ:

"ಸಾ, ಆಗ್ಲಿಂದ್ಲೂ ಕೇಳ್ತಾವ್ನಿ, ಆ ಮನೇಲಿ ಯಾರೂ ಏನೂ ತಿನ್ನಾಕಿಲ್ವಾ?"

ಜಗಲಿ ಗೊಳ್ಳೆಂದಿತು. ಚೌಡೇಶ ಬೆಚ್ಚಿ ಸುತ್ತ ನೋಡಿದ. ತಾನು ಏನು ತಮಾಷೆ ಮಾಡಿದೆನೆಂದು ಅವನಿಗೆ ತಿಳಿಯಲೇ ಇಲ್ಲ. "ಅಲ್ಲ ಸಾ, ಬರೀ ಕಾಯ್ಸಿದ ನೀರ್ನಲ್ಲಿ ಆ ಮಕ್ಕಳು ಎಂಗ್ ಬದುಕ್ತವೆ?" ಎಂದು ಸೇರಿಸಿದ. ಭಾಗ್ಯಮ್ಮನ ಗಂಡ, ಬೀದಿಯಲ್ಲಿ ಯಾರೂ ಹಲ್ಲು ಕಂಡಿರದ ಮನುಷ್ಯ, ಹೊಟ್ಟೆ ಹಿಡಿದುಕೊಂಡ. ಸರಸ್ವತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತಮ್ಮ ನಗಿಸಲು ಹೊರಟರೆ ದರಿದ್ರ, ತನ್ನ ಪಾಡಿಗೆ ತಾನು ಹಸಿದುಕೊಂಡಿದ್ದರೆ ಅವನಷ್ಟು ತಮಾಷೆಯವನು ಇಲ್ಲ ಎಂದು ಆಕೆಗೆ ಅಂದೇ ಗೊತ್ತಾಯಿತು. ಅಂದಿನಿಂದ ಗುರುವಾರ ಅವನಿಗೆ ಊಟ ತಡವಾಗಿ ಬಡಿಸತೊಡಗಿದಳು.

ಚೌಡೇಶನ ಮಾತು ಕೇಳಲೆಂದು ಜನ ರೇಡಿಯೋದ ದನಿಯನ್ನು ತಗ್ಗಿಸಲು ಹೇಳುತ್ತಿದ್ದರು. ದೇವಣ್ಣನವರಿಗೆ ಇದು ಮರ್ಯಾದೆಯ ಪ್ರಶ್ನೆಯಾಗಿ, ಒಂದೆರಡು ಸಲ ಅವನ ಬಾಯಿಗೆ ಚಕ್ಕುಲಿ ತುರುಕಿ ನೋಡಿದರು. ಅವನು ಅದನ್ನು ತಿಂದು, "ಉಪ್ಪು ಕಮ್ಮಿ ಸಾ" ಎಂದ.

ಎಪ್ಪತ್ತರ ಬೇಸಿಗೆಯಲ್ಲಿ ಗುಂಜಪ್ಪ ವಾಪಸ್ಸಾದ. ಬಳ್ಳಾರಿಯ ಬಿಸಿಲಿಗೆ ಬೆವರು ಸುರಿದು ಕೆಲಸ ಬಿಟ್ಟು ಬಂದನೆಂದು ನಾಟಕದಲ್ಲಿ ಕಾರಣ ಹೇಳಿದರು. ದೇವಣ್ಣನವರು ಬೀದಿಯ ಉದ್ದಕ್ಕೂ ಓಡಾಡಿ ಸುದ್ದಿ ಮುಟ್ಟಿಸಿ, ಜಗಲಿಗೆ ಹೊಸ ಚಾಪೆ ಹಾಸಿದರು. ಚೌಡೇಶ ಆ ಸಂಜೆ ಮೈ ಸರಿಯಿಲ್ಲವೆಂದು ಮುಸುಕು ಹಾಕಿ ಮಲಗಿದ. ಸರಸ್ವತಮ್ಮ ಒಬ್ಬಳೇ ಹೋದಳು. ಹಳೆಯ ಮಾತು, ಹಳೆಯ ಸೀನು, ಎಲ್ಲ ಇತ್ತು. ದನಿ ಮಾತ್ರ ಬೇರೆ. ಯಾರೋ ಚುರುಕಿನ ಹುಡುಗ ಮೂಗು ಹಿಡಿದುಕೊಂಡು ಆಡುತ್ತಿದ್ದ. ಸೋಮಾರಿತನ ಅವನಿಗೆ ಗೊತ್ತೇ ಇರಲಿಲ್ಲ.

"ಇಂವ ಅಂವ ಅಲ್ಲ" ಎಂದು ಸರಸ್ವತಮ್ಮ ಎದ್ದಳು.

"ಪೂರ್ತಿ ಕೇಳು ಕುಂತ್ಕಳಮ್ಮಾ" ಎಂದರು ದೇವಣ್ಣನವರು.

"ಏನ್ ಕೇಳೋದು? ದುಡಿಯೋ ಮಕ್ಕಳ ದನಿ."

ಮನೆಯಲ್ಲಿ ದೀಪ ಉರಿಯುತ್ತಿತ್ತು. ಚೌಡೇಶ ಮುಸುಕಿನಿಂದ ಒಂದು ಕಣ್ಣು ಹೊರಹಾಕಿ, "ಬಂದ್ನಾ ಅಕ್ಕಾ ಅಂವ?" ಎಂದು ಕೇಳಿದ. ದನಿ ಸಣ್ಣಗಿತ್ತು. ಚೀಲ ಕಟ್ಟಿ ತಲೆಯ ಹತ್ತಿರವೇ ಇಟ್ಟುಕೊಂಡಿದ್ದ.

ಅದನ್ನು ನೋಡಿದ ಸರಸ್ವತಮ್ಮ ಚೀಲ ಎತ್ತಿ ಗೂಟಕ್ಕೆ ನೇತುಹಾಕಿದಳು. ಆಮೇಲೆ ಅಡುಗೆಮನೆಗೆ ಹೋಗಿ ಮಡಕೆ ನೋಡಿದಳು. ಮೈ ಸರಿಯಿಲ್ಲದವನು ಇಬ್ಬರ ಪಾಲನ್ನೂ ಮುಗಿಸಿ, ಮಡಕೆಯ ತಳವನ್ನೂ ಬೆರಳಿನಲ್ಲಿ ಬಳಿದಿದ್ದ.

ಮೊದಲು ಕನ್ನಡದಲ್ಲಿ ಶುರುವಾಗಿ, ಚೌಡೇಶ "ಭಯಕ್ಕೆ ಹಸಿವಾಯ್ತು ಅಕ್ಕಾ" ಎಂದ ಮೇಲೆ ಬೈಗುಳ ತಮಿಳಿಗೆ ಹೊರಳಿತು. ದೇವಣ್ಣನವರ ಜಗಲಿಯಲ್ಲಿ ಭಾಗ್ಯಮ್ಮ ಕಿವಿ ನಿಮಿರಿಸಿದಳು.

"ದೇವಣ್ಣೋರೆ," ಎಂದಳು, "ಆ ರೇಡಿಯೋ ಒಸಿ ಆರಿಸಿ."