ಅಂದಾಜು ಪಟ್ಟಿಯಲ್ಲಿ ಒಂದು ಟಗರು

ಹಾಲಸ್ವಾಮಿ, ತಿಮ್ಮರಾಯಪ್ಪನವರನ್ನು ಮೊದಲು ಕಂಡದ್ದು ೧೯೭೪ರ ಜೂನ್ ತಿಂಗಳಲ್ಲಿ, ಧರ್ಮಪುರದ ಕಂಬಳಿ ನೇಕಾರರ ಸಹಕಾರ ಸಂಘದ ಜಗಲಿಯ ಮೇಲೆ. ಹಿರಿಯೂರಿನಿಂದ ಬಂದ ಬಸ್ಸು ಅವನನ್ನು ಇಳಿಸಿ, ಧೂಳೆಬ್ಬಿಸಿಕೊಂಡು ಗಡಿಯ ಕಡೆ ಹೋಗಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲಿಗೆ ಹೊಸ ಚಪ್ಪಲಿ, ಕಂಕುಳಲ್ಲಿ ಬಿ.ಕಾಂ. ಪ್ರಮಾಣಪತ್ರವಿದ್ದ ರಟ್ಟಿನ ಫೈಲು. ಅವನ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಜಗಲಿಯ ಮೇಲೆ, ಅಂಥ ಬಿಸಿಲಿನಲ್ಲೂ ಹೆಗಲಿಗೆ ಕರಿ ಕಂಬಳಿ ಹಾಕಿಕೊಂಡ ಬಿಳಿ ಮೀಸೆಯ ಹಿರಿಯರೊಬ್ಬರು ತೊಲೆಗೆ ನೇತುಹಾಕಿದ ತಕ್ಕಡಿಯಲ್ಲಿ ಉಣ್ಣೆ ತೂಗುತ್ತಿದ್ದರು. ಒಂದು ತಟ್ಟೆಯಲ್ಲಿ ಉಣ್ಣೆ. ಇನ್ನೊಂದರಲ್ಲಿ ಎರಡು ಕಬ್ಬಿಣದ ಬಟ್ಟು, ಜೊತೆಗೆ ಒಂದು ಕಲ್ಲು.

"ಯಜಮಾನ್ರೇ, ಸಂಘದ ಅಧ್ಯಕ್ಷರು ಎಲ್ಲಿ ಸಿಗ್ತಾರೆ?"

"ಮೊದ್ಲು ಆ ಚೀಲದ ಬಾಯಿ ಹಿಡ್ಕ."

ಹಾಲಸ್ವಾಮಿ ಫೈಲನ್ನು ಕೆಳಗಿಟ್ಟು ಚೀಲ ಹಿಡಿದ. ಅದು ತುಂಬುವ ಹೊತ್ತಿಗೆ ಅವನ ಅಂಗಿ ಕುರಿಯ ಬಣ್ಣಕ್ಕೆ ಬಂದಿತ್ತು.

"ನಾನೇ ಅಧ್ಯಕ್ಷ," ಎಂದರು ಹಿರಿಯರು. "ನೀನು ಆದಿವಾಲದ ಹುಡುಗ ಅಲ್ವೇನಪ್ಪ, ಹೊಸ ಕಾರ್ಯದರ್ಶಿ? ಎಷ್ಟು ವರ್ಷ ಓದ್ದೆ?"

"ಹದಿನೈದು ವರ್ಷ."

"ಅಷ್ಟು ವರ್ಷ ನಾಕು ಕುರಿ ಮೇಸಿದ್ರೆ ಇವತ್ತು ನಿಮ್ಮ ಹಟ್ಟಿ ಸಾಲ್ತಿರ್ಲಿಲ್ಲ. ಇರ್ಲಿ, ಕುಂತ್ಕ. ಮಜ್ಜಿಗೆ ಕುಡಿ."

ಮಜ್ಜಿಗೆ ಚೆನ್ನಾಗಿತ್ತು. ಆ ದಿನ ಹಾಲಸ್ವಾಮಿಗೆ ಸಮಾಧಾನ ಕೊಟ್ಟದ್ದು ಅದೊಂದೇ.

ಮರುವರ್ಷ ಚಿತ್ರದುರ್ಗದ ಕಚೇರಿಯಿಂದ ಸುತ್ತೋಲೆ ಬಂತು. ಇನ್ನು ಮುಂದೆ ಜಿಲ್ಲೆಯ ವಿದ್ಯಾರ್ಥಿನಿಲಯಗಳಿಗೆ ಗುಣಮುದ್ರೆ ಇರುವ ಕಂಬಳಿಯನ್ನು ಮಾತ್ರ ಕೊಳ್ಳುವುದಂತೆ. ಮುದ್ರೆ ಬೇಕಾದರೆ ಕಂಬಳಿ ಗಟ್ಟಿಯಿದ್ದರೆ ಸಾಲದು, ಸಂಘದ ಕೆಲಸದ ಪದ್ಧತಿಯೂ ನೆಟ್ಟಗಿರಬೇಕು. ಉಣ್ಣೆ ತೂಗುವುದರಿಂದ ಹಿಡಿದು ಗೋದಾಮಿನ ಬೀಗದವರೆಗೆ ಎಲ್ಲವನ್ನೂ ಒಬ್ಬ ಪರೀಕ್ಷಕರು ಬಂದು ನೋಡುತ್ತಾರೆ. ಸಂಘದ ಮಗ್ಗಗಳು ವರ್ಷವಿಡೀ ಆಡುತ್ತಿದ್ದದ್ದೇ ಆ ವಿದ್ಯಾರ್ಥಿನಿಲಯಗಳಿಂದ. ಅದು ತಪ್ಪಿದರೆ ನೇಕಾರರು ಮಗ್ಗದ ಗುಂಡಿ ಮುಚ್ಚಿ, ಅಡಿಕೆ ಸುಲಿಯಲು ಹೊಳಲ್ಕೆರೆಯ ಬಸ್ಸು ಹತ್ತಬೇಕಿತ್ತು. ನೂಲು ತೆಗೆಯುವ ಓಬಕ್ಕ ಆಗಲೇ, "ಅಡಿಕೆ ಸುಲಿಯೋ ಕತ್ತಿ ಎಷ್ಟಕ್ಕೆ ಬರ್ತೈತೆ ತಮ್ಮ?" ಎಂದು ಹಾಲಸ್ವಾಮಿಯನ್ನು ಕೇಳಿದ್ದಳು.

ಅವನು ಹಟ ಹಿಡಿದು ಮುದ್ರೆಯ ಖರ್ಚಿನ ಅಂದಾಜು ಪಟ್ಟಿ ಮಾಡಿದ. ಚಿತ್ರದುರ್ಗಕ್ಕೆ ಹೋಗಿ ದರ ವಿಚಾರಿಸಿ ಬಂದ. ಕೆಂಪು ಶಾಯಿಯಲ್ಲಿ ಗೆರೆ ಎಳೆದ. ಸಂಘದ ಸಭೆಯಲ್ಲಿ ಎದ್ದು ನಿಂತು ಓದಿದ.

"ಹೊಸ ತಕ್ಕಡಿ, ಸರ್ಕಾರದ ಛಾಪು ಇರೋ ಬಟ್ಟು."

"ಇರೋ ತಕ್ಕಡಿಗೆ ಏನಾಗೈತೆ?" ಎಂದರು ತಿಮ್ಮರಾಯಪ್ಪನವರು.

"ಬಟ್ಟಿನ ಬದ್ಲು ಕಲ್ಲು ಐತೆ ದೊಡ್ಡಪ್ಪ."

"ಆ ಕಲ್ಲು ನಮ್ಮಪ್ಪನ ಕಾಲದ್ದು. ಒಂದು ದಿನ ಸುಳ್ಳು ಹೇಳಿಲ್ಲ."

ಅರ್ಧ ಮಧ್ಯಾಹ್ನ ಜಗ್ಗಾಡಿದ ಮೇಲೆ ಬಟ್ಟಿಗೆ ಒಪ್ಪಿದರು, ತಕ್ಕಡಿಗೆ ಒಪ್ಪಲಿಲ್ಲ. ಮುಂದಿನ ಬಾಬ್ತು ಚೀಟಿಗಳದು. ಯಾರು ನೇಯ್ದದ್ದು, ಯಾವ ಉಣ್ಣೆ ಎಂದು ಒಂದೊಂದು ಕಂಬಳಿಗೂ ಚೀಟಿ ಹೊಲಿಯಬೇಕಿತ್ತು.

"ಚೀಟಿ ಯಾತಕ್ಕೆ?" ಎಂದಳು ಓಬಕ್ಕ. "ಅಂಚು ಸೊಟ್ಟ ಇದ್ರೆ ನನ್ ಗಂಡಂದೇ ಅಂತ ಊರಿಗೇ ಗೊತ್ತು."

ಅವಳ ಗಂಡ ಮಾರಣ್ಣ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ. "ನೂಲು ಸೊಟ್ಟ ಕೊಟ್ರೆ ಅಂಚು ನೆಟ್ಟಗೆ ಬರ್ತೈತಾ?" ಎಂದ. ಸಭೆ ನಕ್ಕು ಸುಮ್ಮನಾಗುವವರೆಗೆ ಹಾಲಸ್ವಾಮಿ ಹಾಳೆ ಹಿಡಿದು ನಿಂತೇ ಇದ್ದ.

ಕೊನೆಯ ಸಾಲು ಅನಿರೀಕ್ಷಿತ ವೆಚ್ಚ.

"ಹಂಗಂದ್ರೆ?" ಎಂದರು ತಿಮ್ಮರಾಯಪ್ಪನವರು.

"ಏನಾದ್ರೂ ಎಡವಟ್ಟಾದ್ರೆ ಕೈಯಲ್ಲಿ ಇರ್ಲಿ ಅಂತ."

"ಎಡವಟ್ಟಿಗೆ ಮೊದ್ಲೇ ಎಲೆ ಹಾಕಿ ಕರೀತೀಯೇನ್ಲೇ? ಹೊಡಿ ಗೀಟು. ಅಲ್ಲಿ ಒಂದು ಟಗರು ಬರಿ."

"ಟಗರಾ?"

"ಅಷ್ಟು ದೂರದಿಂದ ಬರೋ ಮನುಷ್ಯ ಬರೀ ಸೊಪ್ಪಿನ ಸಾರು ಉಂಡು ಹೋಗ್ಬೇಕಾ?"

"ದೊಡ್ಡಪ್ಪ, ಪರೀಕ್ಷೆ ಮಾಡೋರಿಗೆ ಟಗರು ಕಡಿದ್ರೆ ಲಂಚ ಅಂತಾರೆ."

"ಊಟ ಹೆಂಗಪ್ಪ ಲಂಚ ಆಗ್ತೈತೆ? ಊಟ ಊಟಾನೇ."

ಸಭೆ ಕೈ ಎತ್ತಿತು. ಹದಿನೈದು ವರ್ಷ ಓದಿದವನು, 'ಅನಿರೀಕ್ಷಿತ ವೆಚ್ಚ' ಎಂದು ತಾನೇ ಬರೆದದ್ದರ ಮೇಲೆ ಗೀಟು ಹೊಡೆದು, ಅದೇ ಮೊತ್ತದ ಮುಂದೆ 'ಟಗರು ಒಂದು' ಎಂದು ಬರೆದ. ಅಕ್ಷರ ದುಂಡಗೇ ಬಂತು. ಹಲ್ಲು ಮಾತ್ರ ಕಚ್ಚಿಕೊಂಡಿದ್ದ.

ಪರೀಕ್ಷಕರು ಬಂದರು. ಮಾಂಸ ಮುಟ್ಟದವರು. ಮೊಸರನ್ನ ಉಂಡು ಕೈ ತೊಳೆಯುವಾಗ ಹಿತ್ತಿಲಲ್ಲಿ ಕಟ್ಟಿದ್ದ ಟಗರು ಗಟ್ಟಿಯಾಗಿ ಅರಚಿತು. ತಿಮ್ಮರಾಯಪ್ಪನವರು ಆಕಾಶ ನೋಡಿದರು. ಪರೀಕ್ಷಕರಿಗೆ ಚೀಟಿಗಳು ಹಿಡಿಸಿದವು. ತಕ್ಕಡಿ ಕಂಡು ಹುಬ್ಬು ಗಂಟಿಕ್ಕಿದರೂ ಹೊಸ ಬಟ್ಟು ನೋಡಿ ಸುಮ್ಮನಾದರು. ರಾಶಿಯಿಂದ ತಾವೇ ಮೂರು ಕಂಬಳಿ ಎಳೆದು, ಗೋಣಿಯಲ್ಲಿ ಹೊಲಿಸಿ, ಗಂಟಿನ ಮೇಲೆ ಅರಗು ಕರಗಿಸಿ ಮೊಹರು ಒತ್ತಿದರು. ಮಂಗಳವಾರ ಕಟ್ಟು ಚಿತ್ರದುರ್ಗದ ಕಚೇರಿಗೆ ಮುಟ್ಟಬೇಕು, ಅಲ್ಲಿಂದ ಪ್ರಯೋಗಾಲಯಕ್ಕೆ ಹೋಗುತ್ತದೆ, ಅರಗು ಮಾತ್ರ ಅಲುಗಬಾರದು ಎಂದು ಹೇಳಿ ಹೋದರು. ತಿಮ್ಮರಾಯಪ್ಪನವರು ಕಟ್ಟನ್ನು ಗೋದಾಮಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಅಧ್ಯಕ್ಷರ ಉಡಿದಾರದಲ್ಲಿ.

ಮಂಗಳವಾರ ಹಾಲಸ್ವಾಮಿ ಕಟ್ಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಚಿತ್ರದುರ್ಗಕ್ಕೆ ಹೋದ. ಕಚೇರಿಯ ಅಧಿಕಾರಿ ಅರಗನ್ನು ಬೆರಳಿನಿಂದ ಸವರಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. ಹೊಲಿಗೆ ಬಿಚ್ಚಿಸಿದರು. ಮೇಲಿನ ಕಂಬಳಿ ಬಿಡಿಸುತ್ತಿದ್ದಂತೆ ಮೇಜಿನ ತುಂಬ ಹಳದಿ ಪುಡಿ ಉದುರಿತು. ಅದರ ಹಿಂದೆ ಒಂದು ಬಾಡಿದ ವೀಳ್ಯದೆಲೆ.

"ಏನ್ರೀ ಇದು?"

ಏನೆಂದು ಹಾಲಸ್ವಾಮಿಗೆ ಆ ಕ್ಷಣವೇ ತಿಳಿಯಿತು. ಅವನೂ ಕುರುಬರ ಮನೆಯ ಮಗನೇ. ಯಾವ ದೊಡ್ಡ ಕೆಲಸಕ್ಕೂ ಮೊದಲು ಕರಿ ಕಂಬಳಿ ಹಾಸಿ, ಭಂಡಾರ ಎರಚಿ, ಕಳಸವಿಟ್ಟು, ದೇವರಿಗೆ ಗದ್ದಿಗೆ ಮಾಡುತ್ತಾರೆ. ಆ ಗದ್ದಿಗೆಗೆ ಯಾರೂ ತುಳಿಯದ ಹೊಸ ಕಂಬಳಿಯೇ ಆಗಬೇಕು, ಅದರಲ್ಲೂ ಆರಿಸಿದ್ದಾಗಬೇಕು. ಸರ್ಕಾರದ ಮನುಷ್ಯನೇ ಆರಿಸಿಟ್ಟ ಕಂಬಳಿ ಕೈಯಳತೆಯಲ್ಲಿದ್ದಾಗ ಬೇರೆ ಕಂಬಳಿ ಯಾಕೆ ಹುಡುಕಬೇಕು? ಸೋಮವಾರ ದೇವರ ದಿನ. ಬೀಗದ ಕೈ ಉಡಿದಾರದಲ್ಲೇ ಇತ್ತು.

ಅಧಿಕಾರಿ ಕೆಟ್ಟವರಲ್ಲ. "ಒಡೆದ ಅರಗು ಇಟ್ಕೊಂಡು ನಾನೇನೂ ಮಾಡೋ ಹಾಗಿಲ್ಲಪ್ಪ. ಇದು ರದ್ದು. ಹೊಸದಾಗಿ ಮಾದರಿ ತೆಗೀಬೇಕು, ಶುಲ್ಕ ಮತ್ತೆ ಕಟ್ಟಬೇಕು. ಈ ತಿಂಗಳು ದಾಟಿದ್ರೆ ಈ ಸಲದ ಖರೀದಿಗೆ ಸೇರಲ್ಲ," ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಹಾಲಸ್ವಾಮಿ ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡ. ಧರ್ಮಪುರದಲ್ಲಿ ಇಳಿದಾಗ ಅವುಗಳಲ್ಲಿ ಒಂದೂ ಉಳಿದಿರಲಿಲ್ಲ. ಸೀದಾ ಜಗಲಿಗೆ ಹೋಗಿ ಕಟ್ಟನ್ನು ಕುಕ್ಕಿದ.

"ಅರಗು ಯಾಕ್ ಒಡೆದ್ರಿ?"

"ಒಡ್ದು ಹಂಗೇ ಬಿಟ್ಟಿಲ್ಲ ಕಣೋ," ಎಂದರು ತಿಮ್ಮರಾಯಪ್ಪನವರು. "ನಿಂಗೆ ತೊಂದ್ರೆ ಆಗ್ಬಾರ್ದು ಅಂತ ಕೆಂಡದ ಮೇಲೆ ಹಿಡ್ದು ಮತ್ತೆ ಅಂಟಿಸ್ದೆ. ನೆಟ್ಟಗೆ ಅಂಟಿತ್ತಲ್ಲ?"

"ಯಾರ್ ಹೇಳಿದ್ರು ನಿಮಗೆ ಬಿಚ್ಚೋಕೆ?"

"ಗದ್ದಿಗೆ ಮಾಡ್ದೆ ಕಳ್ಸಿದ್ರೆ ಪಾಸಾಗ್ತಿತ್ತಾ?"

"ಗದ್ದಿಗೆ ಮಾಡಿದ್ದಕ್ಕೇ ಹೋಯ್ತು! ಮತ್ತೆ ಶುಲ್ಕ ಕಟ್ಬೇಕು. ಎಲ್ಲಿಂದ ತರ್ಲಿ? ಅದಕ್ಕೇ ಅಂತ ಇಟ್ಟಿದ್ದ ಸಾಲಿಗೆ ಗೀಟು ಹೊಡೆಸಿದ್ರಲ್ಲ! ಓಬಕ್ಕ ಇನ್ನು ಹೊಳಲ್ಕೆರೆಗೆ ಗಂಟು ಕಟ್ಟೋದೇ, ಹೋಗಿ ಹೇಳಿ ಬರ್ರಿ."

ತಿಮ್ಮರಾಯಪ್ಪನವರು ಬಿಚ್ಚಿದ ಗೋಣಿಯೊಳಗಿನ ಹಳದಿಯನ್ನು ಬೆರಳಿನಿಂದ ಒಟ್ಟುಗೂಡಿಸಿ ಹಣೆಗಿಟ್ಟುಕೊಂಡರು. ಆಮೇಲೆ ಎದ್ದು ಹಿತ್ತಿಲಿಗೆ ಹೋದರು. ಬಂದಾಗ ಕೈಯಲ್ಲಿ ಟಗರಿನ ಹಗ್ಗವಿತ್ತು. ಇಷ್ಟು ದಿನ ಸಂಘದ ಖರ್ಚಿನಲ್ಲಿ ಕಡಲೆಕಾಯಿ ಹಿಂಡಿ ತಿಂದು ಅದು ದುಂಡಗಾಗಿತ್ತು.

"ನಾಳೆ ಹಿರಿಯೂರಿಗೆ ಹೋಗಾಣ," ಎಂದರು. "ಇದನ್ನ ಮಾರಾಣ. ಸಭೇಲಿ ತಪ್ಪು ನಂದೇ ಅಂತ ನಾನೇ ಹೇಳ್ತೀನಿ."

ಟಗರು ಕೊಂಡದ್ದಕ್ಕಿಂತ ಹೆಚ್ಚಿಗೇ ಹೋಯಿತು. ಶುಲ್ಕ ಕಟ್ಟಿದರು, ಪರೀಕ್ಷಕರು ಮತ್ತೆ ಬಂದು ಮೊಹರು ಒತ್ತಿದರು, ಈ ಸಲ ಬೀಗದ ಕೈ ಹಾಲಸ್ವಾಮಿಯ ಜೇಬಿನಲ್ಲಿತ್ತು. ಮುದ್ರೆ ಬಂತು. ಆದರೆ ಅಷ್ಟರಲ್ಲಿ ಬೇರೆ ತಾಲ್ಲೂಕುಗಳ ಖರೀದಿ ಮುಗಿದಿದ್ದರಿಂದ ಆ ಚಳಿಗಾಲಕ್ಕೆ ಸಿಕ್ಕಿದ್ದು ಹಿರಿಯೂರು ತಾಲ್ಲೂಕಿನ ವಿದ್ಯಾರ್ಥಿನಿಲಯಗಳು ಮಾತ್ರ. ಹೊಸದುರ್ಗದ್ದೂ ಚಿತ್ರದುರ್ಗದ್ದೂ ಮರುವರ್ಷಕ್ಕೆ ಹೋದವು. ಓಬಕ್ಕ, ಮಾರಣ್ಣ ಇಬ್ಬರೂ ಅಡಿಕೆ ಸುಲಿಯುವ ಕಾಲ ಮುಗಿಯುವವರೆಗೆ ಹೊಳಲ್ಕೆರೆಯಲ್ಲೇ ಇದ್ದು ಬಂದರು. ಬಂದವಳು ಕಪ್ಪಾದ ಬೆರಳು ತೋರಿಸಿ, "ದೇವ್ರಿಗೆ ಗದ್ದಿಗೆ ಆಯ್ತು, ನಮಗೆ ಇದಾಯ್ತು ಮಾವ," ಎಂದಳು. ತಿಮ್ಮರಾಯಪ್ಪನವರು ಆ ವರ್ಷವೇ ಅಧ್ಯಕ್ಷಗಿರಿ ಬಿಟ್ಟರು.

ಆದರೆ ಅವರು ತಗ್ಗಿದ್ದು ಆ ಒಂದು ಸಂಜೆಗೆ ಮಾತ್ರ. "ನಿನ್ ಅನಿರೀಕ್ಷಿತ ದುಡ್ಡು ಪೆಟ್ಟಿಗೇಲಿ ಇದ್ದಿದ್ರೆ ಅಷ್ಟಕ್ಕಷ್ಟೇ ಇರ್ತಿತ್ತು. ನನ್ ಟಗರು ಬೆಳೀತು," ಎಂದು ಸಿಕ್ಕಿದವರಿಗೆಲ್ಲ, ಹಾಲಸ್ವಾಮಿಯ ಎದುರಿಗೇ ಹೇಳುತ್ತ ಬಂದರು. ಇದಕ್ಕೆ ತಕ್ಕ ಉತ್ತರ ಬಿ.ಕಾಂ. ಪುಸ್ತಕಗಳಲ್ಲಿ ಇದ್ದಿರಬೇಕು, ಹಾಲಸ್ವಾಮಿಗೆ ಇನ್ನೂ ಸಿಕ್ಕಿಲ್ಲ. ಪ್ರತಿವರ್ಷ ಮುದ್ರೆಯ ನವೀಕರಣಕ್ಕೆ ಅವನು ಮಾಡುವ ಅಂದಾಜು ಪಟ್ಟಿಯಲ್ಲಿ 'ಗದ್ದಿಗೆಗೆ ಬೇರೆ ಕಂಬಳಿ ಒಂದು' ಎಂಬ ಸಾಲಿದೆ, ಅದರ ಕೆಳಗೆ 'ಟಗರು ಒಂದು' ಎಂದಿದೆ. ಲೆಕ್ಕ ತಪಾಸಣೆಗೆ ಬಂದವರು ಪ್ರತಿಸಲವೂ ಅಲ್ಲಿ ಬೆರಳಿಟ್ಟು ಕೇಳುತ್ತಾರೆ, ಪ್ರತಿಸಲವೂ ಅವನು ಮೊದಲಿನಿಂದ ಹೇಳಬೇಕಾಗುತ್ತದೆ.

ಈಗ ೧೯೭೯. ತಿಮ್ಮರಾಯಪ್ಪನವರು ಸಂಘದ ಜಗಲಿಯಲ್ಲಿ ಉಣ್ಣೆ ತೂಗುತ್ತಾರೆ, ಸಂಜೆ ಸಂಘದ ಟಗರು ಮೇಯಿಸುತ್ತಾರೆ.